ಹಗ್ಗವೊಂದಕ್ಕೆ ಇಬ್ಬರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಒಂದು ವರ್ಷದಿಂದ ಒಳಾಂಗಣದ ಕೃತಕ ಗೋಡೆಯ ಮೇಲೆ ಹತ್ತುವುದನ್ನು ಕಲಿಯುತ್ತಿದ್ದೇನೆ. ಸಂಜೆಯಾದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈಚೆಗೆ ಮೊದಲ ಸಲ ನಿಜವಾದ ಬಂಡೆಗೆ ಹೋದಾಗ ಅಲ್ಲಿದ್ದವರು ಒಂಬತ್ತೇ ಮಂದಿ. ಎಲ್ಲರೂ ಒಬ್ಬರಿಗೊಬ್ಬರು ಪರಿಚಿತರು. ಒಂದು ಪ್ರದೇಶದ ಶಿಲಾರೋಹಿಗಳ ಸಮುದಾಯ ಎಷ್ಟು ದೊಡ್ಡದು, ಅದರಲ್ಲಿ ಯಾರು ಯಾರಿದ್ದಾರೆ ಎಂದು ತಿಳಿಯುವುದು ಹೇಗೆ?

ಉತ್ತರ: ನೀವು ಕಂಡ ಎರಡು ದೃಶ್ಯಗಳಲ್ಲಿ ಯಾವುದೂ ಸುಳ್ಳಲ್ಲ. ಯಾರನ್ನು ಆರೋಹಿ ಎಂದು ಕರೆಯುತ್ತೇವೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳದಿದ್ದರೆ ಈ ಲೆಕ್ಕ ಎಂದಿಗೂ ಹೊಂದುವುದಿಲ್ಲ. ಗೋಡೆಗೆ ಬರುವವರಲ್ಲಿ ಹಲವರಿಗೆ ಬಂಡೆಯ ಹಂಬಲವೇ ಇರುವುದಿಲ್ಲ, ಇರಬೇಕೆಂದೂ ಇಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿ ಸೇರಿದಾಗ ಸ್ಪರ್ಧಿಸಿದವರು 40 ಮಂದಿ, 2024ರ ಪ್ಯಾರಿಸ್‌ನಲ್ಲಿ 68 ಮಂದಿ. ಅವರೆಲ್ಲರೂ ಹತ್ತಿದ್ದು ಕೃತಕ ಗೋಡೆಯನ್ನೇ. ಆದ್ದರಿಂದ ಗೋಡೆಯವರನ್ನು ಬಂಡೆಯ ಉಮೇದುವಾರರೆಂದು ಎಣಿಸುವುದು ತಪ್ಪು. ಅದು ತಾನಾಗಿಯೇ ಪೂರ್ಣವಾದ ಆಟ.

ಬಂಡೆಗೆ ಹೋಗುವವರಲ್ಲಿಯೂ ಪದರಗಳಿವೆ. ಬೇರೆಯವರು ಮೇಲಿನಿಂದ ಕಟ್ಟಿಕೊಟ್ಟ ಹಗ್ಗದಲ್ಲಿ ಹತ್ತಿ ಬರುವವರು ಹೆಚ್ಚು. ತಾವೇ ಮುಂದಾಳಾಗಿ, ಹತ್ತುತ್ತ ಹೋದಂತೆ ಹಗ್ಗವನ್ನು ಬಂಡೆಗೆ ಕೂರಿಸಿದ ಒಂದೊಂದೇ ಬೋಲ್ಟಿಗೆ ತೊಡಿಸುತ್ತ ಸಾಗುವವರು ಅದಕ್ಕಿಂತ ಕಡಿಮೆ. ಪೊದೆ ಸವರಿ, ಸಡಿಲ ಕಲ್ಲುಗಳನ್ನು ಕೆಡವಿ, ಕೊರೆದು ಬೋಲ್ಟ್ ಕೂರಿಸಿ ಹೊಸ ಮಾರ್ಗ ತೆರೆಯುವವರು ಬೆರಳೆಣಿಕೆಯವರು. ಉಳಿದವರು ಹತ್ತುವುದು ಈ ಕೊನೆಯವರ ದುಡಿಮೆಯ ಮೇಲೆಯೇ. ಒಂದು ಪ್ರದೇಶದ ಸಮುದಾಯ ಗಟ್ಟಿಯಾಗಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ತುಕ್ಕು ಹಿಡಿದ ಬೋಲ್ಟನ್ನು ಬದಲಿಸುವವರು ಎಷ್ಟು ಜನರಿದ್ದಾರೆ ಎಂದು. ಸದಸ್ಯರ ಪಟ್ಟಿಯನ್ನು ಆಮೇಲೆ ನೋಡಿದರಾಯಿತು. ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸುಗಳನ್ನಿಟ್ಟು ಗುಂಡುಕಲ್ಲುಗಳನ್ನು ಹತ್ತುವ ಬೌಲ್ಡರಿಂಗ್‌ನವರ ಗುಂಪು ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ.

ಎಣಿಕೆಗೆ ನನಗೆ ಬಲು ಮೆಚ್ಚಿಗೆಯಾದ ದಾಖಲೆ ಜರ್ಮನಿಯ ಡ್ರೆಸ್ಡೆನ್ ನಗರದ ಬಳಿಯ ಮರಳುಗಲ್ಲಿನ ಸೀಮೆಯದು. ಅಲ್ಲಿ ಬಿಡಿಬಿಡಿಯಾಗಿ ನಿಂತ ಸಾವಿರಕ್ಕೂ ಹೆಚ್ಚು ಶಿಲಾಸ್ತಂಭಗಳಿದ್ದು, ನೆತ್ತಿಯ ಮೇಲೆ ಲೋಹದ ಪೆಟ್ಟಿಗೆಯೊಳಗೆ ಒಂದು ಪುಸ್ತಕವನ್ನಿಡುವ ಸಂಪ್ರದಾಯವಿದೆ. ಮೇಲೆ ತಲುಪಿದವರು ಏದುಸಿರು ಬಿಡುತ್ತಲೇ ಅದನ್ನು ತೆರೆದು ದಿನಾಂಕ, ಬಂದ ಮಾರ್ಗ ಮತ್ತು ಹಗ್ಗಕ್ಕೆ ಕಟ್ಟಿಕೊಂಡವರ ಹೆಸರುಗಳನ್ನು ಬರೆಯುತ್ತಾರೆ. ಪುಟ ತಿರುವಿದವರಿಗೆ ಒಂದೇ ಜೋಡಿ ಹೆಸರುಗಳು ಮತ್ತೆ ಮತ್ತೆ ಎದುರಾಗಬಹುದು. ಆದ್ದರಿಂದ ನೂರು ಸಹಿ ಎಂದರೆ ನೂರು ಜನ ಎಂದಲ್ಲ. ಅರ್ಧಕ್ಕೇ ಇಳಿದವರ ಹೆಸರಂತೂ ಅಲ್ಲಿ ಇರುವುದೇ ಇಲ್ಲ. ಅಮೆರಿಕದ ಡೆವಿಲ್ಸ್ ಟವರ್ ಎಂಬ ಒಂಟಿ ಶಿಲಾಗೋಪುರದಲ್ಲಿ ಕ್ರಮ ಬೇರೆ: ಹತ್ತುವ ಮುನ್ನವೇ ನೋಂದಾಯಿಸಬೇಕು, ಹಾಗಾಗಿ ಸೋತು ಮರಳಿದವರೂ ಲೆಕ್ಕಕ್ಕೆ ಸಿಗುತ್ತಾರೆ.

ಇಂಥ ದಾಖಲೆಯಿಲ್ಲದ ಕಡೆ ರಜಾದಿನವೊಂದರಲ್ಲಿ ಬಂಡೆಯ ಬುಡದಲ್ಲಿ ಕುಳಿತು ಹಗ್ಗಗಳನ್ನು ಎಣಿಸಿ. ಹಗ್ಗವೊಂದಕ್ಕೆ ಕನಿಷ್ಠ ಇಬ್ಬರು, ಹತ್ತುವವರೊಬ್ಬರು ಮತ್ತು ಕೆಳಗೆ ನಿಂತು ಬಿಲೇ ಕೊಡುವ, ಅಂದರೆ ಹತ್ತುವವರು ಜಾರಿದರೆ ಬೀಳದಂತೆ ಹಗ್ಗವನ್ನು ಹಿಡಿಯುವವರೊಬ್ಬರು. ನಾಲ್ಕಾರು ರಜಾದಿನ ಹೀಗೆ ಮಾಡಿದರೆ ಹೊಸ ಮುಖಗಳು ಕಡಿಮೆಯಾಗುತ್ತ ಬರುತ್ತವೆ. ಆಗ ನೀವು ಸಮುದಾಯದ ತಿರುಳನ್ನು ಹೆಚ್ಚುಕಡಿಮೆ ಕಂಡಿದ್ದೀರಿ ಎಂದರ್ಥ.

ಯಾರು ಯಾರು ಎಂಬ ಪ್ರಶ್ನೆಗೆ ಇತಿಹಾಸದ ಹಿನ್ನೆಲೆಯೂ ಬೇಕು. ಬ್ರಿಟನ್ನಿನಲ್ಲಿ ಮಹಿಳೆಯರು 1921ರಲ್ಲಿ ಪಿನಾಕಲ್ ಕ್ಲಬ್ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು, ಏಕೆಂದರೆ ಗಂಡಸರ ಜೊತೆ ಹೋದರೆ ಮುಂದಾಳಾಗುವ ಅವಕಾಶ ಸಿಗುವುದು ಕಷ್ಟವಿತ್ತು. 1993ರಲ್ಲಿ ಲಿನ್ ಹಿಲ್ ಎಂಬ ಮಹಿಳೆ ಅಮೆರಿಕದ ಯೊಸೆಮಿಟಿ ಕಣಿವೆಯ ಎಲ್ ಕ್ಯಾಪಿಟಾನ್ ಬಂಡೆಯ ‘ನೋಸ್’ ಮಾರ್ಗವನ್ನು, ಹಗ್ಗವನ್ನು ರಕ್ಷಣೆಗಷ್ಟೇ ಬಳಸಿ, ಕೈಕಾಲುಗಳ ಬಲದಿಂದಲೇ ಹತ್ತಿದರು. ಅದಕ್ಕೆ ಮೊದಲು ಆ ಕೆಲಸ ಗಂಡಸರಿಗೂ ಸಾಧ್ಯವಾಗಿರಲಿಲ್ಲ. ಆದುದರಿಂದ ನಿಮ್ಮ ಕಡೆಯ ಗುಂಪಿನಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದಾರೆ ಎಂದು ನೋಡಿದರೆ ಸಾಲದು, ಹಗ್ಗದ ಮೊದಲ ತುದಿಯಲ್ಲಿ ಎಷ್ಟಿದ್ದಾರೆ ಎಂಬುದನ್ನು ನೋಡಬೇಕು.

ಪ್ರಶ್ನೆ: ನನಗೆ ಐವತ್ತೆರಡು. ಇಪ್ಪತ್ತರ ಹರೆಯದವರ ನಡುವೆ ನನಗೆ ಜಾಗವಿದೆಯೇ?

ಉತ್ತರ: ಸ್ವಿಟ್ಜರ್‌ಲೆಂಡಿನ ಮಾರ್ಸೆಲ್ ರೆಮಿ ಅವರು 2017ರಲ್ಲಿ, 94ನೆಯ ವಯಸ್ಸಿನಲ್ಲಿ, ಆಲ್ಪ್ಸ್‌ನ ‘ಮಿರ್ವಾರ್ ದಾರ್ಜಂಟೀನ್’ ಎಂಬ ಎತ್ತರದ ಬಂಡೆಯನ್ನು ಹತ್ತಿದ್ದರು. ಅವರು ಅಪರೂಪದ ಮನುಷ್ಯ, ಒಪ್ಪಿದೆ. ಆದರೂ ಬಂಡೆಯ ಬುಡದಲ್ಲಿ ನರೆಗೂದಲು ಅಪರೂಪವಲ್ಲ. ಬಿಲೇ ಕೊಡಲು ಬೇಕಾದುದು ತೋಳ್ಬಲಕ್ಕಿಂತ ಕಣ್ಣು ಮತ್ತು ತಾಳ್ಮೆ. ಹತ್ತುವ ಮುನ್ನ ಸಂಗಾತಿಯ ಸೊಂಟದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿ, ತನ್ನ ಕ್ಯಾರಬೀನರ್ ಎಂಬ ಲೋಹದ ಕೊಂಡಿಗೆ ಬೀಗ ಬಿದ್ದಿದೆಯೇ ಎಂದು ಹಿಸುಕಿ ತೋರಿಸುವವರನ್ನು ಯಾವ ಗುಂಪೂ ವಯಸ್ಸು ಕೇಳಿ ಕಳುಹಿಸುವುದಿಲ್ಲ. ಮೊದಲು ಬಿಲೇ ಕಲಿಯಿರಿ. ಕರೆ ತಾನಾಗಿ ಬರುತ್ತದೆ.