ಪುಟಗಳಿದ್ದರೆ ಸಾಲದು, ಹುಡುಕುವವರೂ ಬೇಕು

ಹೊಸ ಸರ್ಚ್ ಎಂಜಿನ್‌ಗಳಲ್ಲಿ ಕೇಳುವುದೊಂದು, ಸಿಗುವುದೊಂದು. ಹೀಗೇಕೆ ಎಂದು ಕೇಳಿದ್ದೀರಿ. ಅಂಥದ್ದೊಂದನ್ನು ಕಟ್ಟುವ ಸಣ್ಣ ತಂಡದಲ್ಲಿ ಕೆಲವು ವರ್ಷ ದುಡಿದವನು ನಾನು.

ಹೆಚ್ಚು ಪುಟಗಳನ್ನು ಕಲೆಹಾಕಿದರೆ ಗೆದ್ದಂತೆ ಎಂದು ಮೊದಲು ನಾವೂ ನಂಬಿದ್ದೆವು. 2008ರ ಜುಲೈಯಲ್ಲಿ ಬಂದ ‘ಕೂಲ್’ ಎಂಬ ಸರ್ಚ್ ಎಂಜಿನ್ 12,000 ಕೋಟಿ ಪುಟಗಳ ಇಂಡೆಕ್ಸ್ (ಹುಡುಕಲು ಜೋಡಿಸಿಟ್ಟ ಪಟ್ಟಿ) ತನ್ನದೆಂದು ಹೇಳಿಕೊಂಡಿತ್ತು. ಕಟ್ಟಿದವರಲ್ಲಿ ಗೂಗಲ್‌ನಲ್ಲಿ ಪಳಗಿದವರಿದ್ದರು. ಆದರೂ ಹುಡುಕಿದವರಿಗೆ ಸಂಬಂಧವಿಲ್ಲದ ಪುಟಗಳು, ಯಾರದೋ ಪುಟದ ಪಕ್ಕ ಇನ್ಯಾರದೋ ಚಿತ್ರ ಕಾಣಿಸಿದವು. 2010ರಲ್ಲಿ ಅದು ಮುಚ್ಚಿತು.

ಕೊರತೆ ಇರುವುದು ಪುಟಗಳಲ್ಲಲ್ಲ, ಹುಡುಕುವವರ ನಡವಳಿಕೆಯ ನೆನಪಿನಲ್ಲಿ. ಒಬ್ಬರು ಮೊದಲ ಕೊಂಡಿ ಒತ್ತಿ, ಎರಡೇ ಕ್ಷಣದಲ್ಲಿ ಹಿಂದೆ ಬಂದು ಮೂರನೆಯದನ್ನು ತೆರೆದು ಅಲ್ಲೇ ಉಳಿದರು ಎನ್ನಿ. ಮೊದಲನೆಯದು ಅಲ್ಲಿರಬೇಕಾದ್ದಲ್ಲ ಎಂದು ಅವರು ತಿಳಿಯದೆಯೇ ಹೇಳಿಕೊಟ್ಟರು. ತಪ್ಪಾಗಿ ಬೆರಳಚ್ಚಿಸಿ ಕೂಡಲೇ ತಿದ್ದಿಕೊಂಡವರು ಕಾಗುಣಿತ ಕಲಿಸಿದರು. ಎಷ್ಟೇ ಜಾಣ ಎಂಜಿನಿಯರ್ ಕುಳಿತು ಬರೆದರೂ ಈ ಪಾಠ ಹುಟ್ಟುವುದಿಲ್ಲ. ಅಮೆರಿಕದ ನ್ಯಾಯಾಲಯವೊಂದು 2024ರ ಆಗಸ್ಟ್‌ನಲ್ಲಿ ಗೂಗಲ್ ವಿರುದ್ಧ ಕೊಟ್ಟ ತೀರ್ಪಿನಲ್ಲಿ ಒಂದು ಲೆಕ್ಕವಿದೆ: ಗೂಗಲ್ 13 ತಿಂಗಳಲ್ಲಿ ಗಳಿಸುವ ಬಳಕೆದಾರರ ದತ್ತಾಂಶ ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನ 17 ವರ್ಷಕ್ಕೂ ಮಿಗಿಲಾದ ದತ್ತಾಂಶಕ್ಕೆ ಸಮ. ಬಿಂಗ್‌ನ ಪಾಡೇ ಇದಾದರೆ ನಿನ್ನೆ ಹುಟ್ಟಿದ್ದರ ಗತಿ ಯೋಚಿಸಿ. ಎಲ್ಲರೂ ಕೇಳುವ ಪ್ರಶ್ನೆಗಳಿಗೆ ಹೊಸದೂ ಚೆನ್ನಾಗಿ ಉತ್ತರಿಸುತ್ತದೆ. ವರ್ಷಕ್ಕೆ ಹತ್ತು ಜನ ಕೇಳುವ ಪ್ರಶ್ನೆಯಲ್ಲಿ ಎಡವುತ್ತದೆ. ನಮ್ಮ ಸೋಲುಗಳೂ ಬಹುಪಾಲು ಅಲ್ಲಿಯೇ.

ಬಾಗಿಲು ತೆರೆಯದ ಜಾಲತಾಣಗಳ ಕಷ್ಟ ಬೇರೆ. ಪುಟ ಓದಲು ಹೋಗುವ ನಮ್ಮ ತಂತ್ರಾಂಶ, ಅಂದರೆ ಕ್ರಾಲರ್, ಅವುಗಳಿಗೆ ಅಪರಿಚಿತ. ಗೂಗಲ್, ಬಿಂಗ್‌ಗಳನ್ನು ಒಳಗೆ ಬಿಟ್ಟು ಉಳಿದವನ್ನು ತಡೆಯುವ ತಾಣಗಳು ಬಹಳ. ತಮ್ಮ ಸರ್ವರ್‌ಗಳ ಹೊರೆ ತಗ್ಗಿಸಿಕೊಳ್ಳುವ ಅವರ ಚಿಂತೆ ನನಗೆ ಅರ್ಥವಾಗುತ್ತದೆ, ಆದರೂ ಇದು ಅನ್ಯಾಯವೇ. ಹೀಗಾಗಿ ಸಣ್ಣ ಸರ್ಚ್ ಎಂಜಿನ್‌ನವರು ಹಲವರು ಬಿಂಗ್‌ನ ಫಲಿತಾಂಶಗಳನ್ನೇ ಹಣಕೊಟ್ಟು ಪಡೆದು ತೋರಿಸುತ್ತಿದ್ದರು. ಆ ಸೇವೆಯ ಸಾರ್ವಜನಿಕ ರೂಪವನ್ನೂ ಮೈಕ್ರೋಸಾಫ್ಟ್ 2025ರ ಆಗಸ್ಟ್‌ನಲ್ಲಿ ನಿಲ್ಲಿಸಿತು.

ಗೂಗಲ್‌ನ ಜಾಹೀರಾತು ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀಧರ್ ರಾಮಸ್ವಾಮಿ ಸಹಸ್ಥಾಪಕರಾಗಿ ಕಟ್ಟಿದ ‘ನೀವಾ’ ಎಂಬ ಸರ್ಚ್ ಎಂಜಿನ್ 2023ರಲ್ಲಿ ಜನರಿಗಾಗಿ ನಡೆಸುತ್ತಿದ್ದ ಹುಡುಕಾಟವನ್ನು ಮುಚ್ಚಿತು. ಎಂಜಿನ್ ಕಟ್ಟುವುದಕ್ಕಿಂತ, ಬಳಸುತ್ತಿರುವುದನ್ನು ಬಿಟ್ಟು ಬನ್ನಿ ಎಂದು ಜನರನ್ನು ಒಪ್ಪಿಸುವುದೇ ಕಷ್ಟವಾಯಿತೆಂದು ಅವರು ಹೇಳಿದ್ದರು. ಜನ ಬಾರದೆ ಕ್ಲಿಕ್ ಇಲ್ಲ, ಕ್ಲಿಕ್ ಇಲ್ಲದೆ ಫಲಿತಾಂಶ ಸುಧಾರಿಸದು, ಸುಧಾರಿಸದೆ ಜನ ಬಾರರು. ನಮ್ಮ ತಂಡ ಕೈಚೆಲ್ಲಿದ್ದೂ ಈ ಸುಳಿಯಲ್ಲಿಯೇ.