ಕೊಡ ಹಿಗ್ಗಿಸಬೇಡಿ, ಸಾಲು ಬೆಳೆಸಿ

ಪ್ರಶ್ನೆ: 9ನೇ ತರಗತಿಯ ಮಕ್ಕಳಿಂದ ‘ನಮ್ಮ ಮನೆಯ ಒಂದು ದಿನದ ನೀರು’ ಎಂಬ ಎ3 ಪೋಸ್ಟರ್ ಮಾಡಿಸುತ್ತಿದ್ದೇನೆ. ಲ್ಯಾಬಿನಲ್ಲಿರುವುದು ಹಳೆಯ ಉಬುಂಟು ಕಂಪ್ಯೂಟರುಗಳು, ಇಂಟರ್ನೆಟ್ ನಂಬುವಂತಿಲ್ಲ. ಅಡುಗೆಗೆ 15 ಲೀಟರ್, ಸ್ನಾನಕ್ಕೆ 60 ಲೀಟರ್ ಎಂದು ತೋರಿಸಲು ಒಬ್ಬ ಹುಡುಗ ಸ್ನಾನದ ಕೊಡವನ್ನು ನಾಲ್ಕು ಪಟ್ಟು ಹಿಗ್ಗಿಸಿದ್ದಾನೆ. ಲೆಕ್ಕ ಸರಿಯಿದೆ, ಚಿತ್ರ ಮಾತ್ರ ಯಾಕೋ ಒಪ್ಪುತ್ತಿಲ್ಲ. ಯಾವ ಸಾಫ್ಟ್‌ವೇರ್ ಬಳಸಲಿ, ಹೇಗೆ ಕಲಿಸಲಿ?
— ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಅನುಮಾನ ಸರಿ. ಅಗಲವೂ ನಾಲ್ಕು ಪಟ್ಟು, ಎತ್ತರವೂ ನಾಲ್ಕು ಪಟ್ಟಾದರೆ ಹಾಳೆಯ ಮೇಲೆ ಕೊಡ ಆಕ್ರಮಿಸುವ ಜಾಗ 16 ಪಟ್ಟು. ನೋಡುವವರ ಕಣ್ಣಿಗೆ ಬೀಳುವುದು ಆ ಜಾಗವೇ. 1925ರಲ್ಲಿ ವಿಯೆನ್ನಾದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ಮ್ಯೂಸಿಯಂ ಕಟ್ಟಿದ ಆಟೊ ನೊಯ್ರಾತ್ ಇದಕ್ಕೆ ಪಾಲಿಸಿದ ನಿಯಮ ಸರಳ: ಪ್ರಮಾಣ ಹೆಚ್ಚಾದಂತೆ ಚಿಹ್ನೆಗಳ ಸಂಖ್ಯೆ ಹೆಚ್ಚಲಿ, ಗಾತ್ರ ಬೇಡ. ಒಂದು ಕೊಡಕ್ಕೆ 15 ಲೀಟರ್ ಎಂದಿಟ್ಟುಕೊಳ್ಳಿ. ಅಡುಗೆಗೆ ಒಂದು ಕೊಡ, ಸ್ನಾನಕ್ಕೆ ನಾಲ್ಕು.

ಇದಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸಾಕು. ಉಚಿತ, ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಸಿದ್ಧ ಟೆಂಪ್ಲೇಟುಗಳ ಆನ್‌ಲೈನ್ ತಾಣಗಳಲ್ಲಿ ಪೋಸ್ಟರ್ ಬೇಗ ಮುಗಿಯುತ್ತದೆ ನಿಜ, ಆದರೆ ಯಾವುದನ್ನು ಎಲ್ಲಿಡಬೇಕು ಎಂಬ ಯೋಚನೆಯನ್ನು ಬೇರೆ ಯಾರೋ ಮಾಡಿ ಮುಗಿಸಿರುತ್ತಾರೆ.

ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಜಾಗ ಗುರುತಿಸಲಿ. ಆಮೇಲೆ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಎ3, ಅಂದರೆ 297 × 420 ಮಿ.ಮೀ. ಕೊಡಿ. ಕೊಡದ ಹೊಟ್ಟೆಗೆ ಒಂದು ದೀರ್ಘವೃತ್ತ, ಕತ್ತಿಗೆ ಒಂದು ಆಯತ, ಬಾಯಿಗೆ ಇನ್ನೊಂದು ಚಪ್ಪಟೆ ದೀರ್ಘವೃತ್ತ. ಮೂರನ್ನೂ ಆರಿಸಿ ಪಾತ್ ಮೆನುವಿನ ಯೂನಿಯನ್ ಒತ್ತಿದರೆ ಕೊಡ ಸಿದ್ಧ. ಅದನ್ನು ಕಾಪಿ ಮಾಡುವ ಬದಲು ಆಲ್ಟ್ + ಡಿ ಒತ್ತಿ ಕ್ಲೋನ್ ಮಾಡಿಸಿ. ಆಗ ಮೂಲ ಕೊಡದ ಕತ್ತು ತಿದ್ದಿದರೆ ಉಳಿದವೆಲ್ಲ ತಾವಾಗಿಯೇ ಬದಲಾಗುತ್ತವೆ. ಒಂದು ಎಚ್ಚರ: ಹೊಸ ಕ್ಲೋನ್ ಮೂಲದ ಮೇಲೆಯೇ ಕೂರುತ್ತದೆ. ಏನೂ ಆಗಲಿಲ್ಲವೆಂದು ಮಕ್ಕಳು ಮತ್ತೆ ಮತ್ತೆ ಒತ್ತುತ್ತಾರೆ, ಒಂದರಡಿ ಹತ್ತು ಕೊಡ ಸೇರಿಕೊಳ್ಳುತ್ತವೆ. ಒಮ್ಮೆ ಒತ್ತಿ, ಕಂಟ್ರೋಲ್ ಹಿಡಿದು ಪಕ್ಕಕ್ಕೆ ಎಳೆಯಲಿ, ಸಾಲು ಡೊಂಕಾಗದು. ನಡುವಿನ ಅಂತರವನ್ನು ಅಲೈನ್ ಆ್ಯಂಡ್ ಡಿಸ್ಟ್ರಿಬ್ಯೂಟ್ ಸರಿಮಾಡುತ್ತದೆ. 22 ಲೀಟರ್ ಬಂದರೆ ಸುಮಾರು ಒಂದೂವರೆ ಕೊಡ: ಅರ್ಧ ಭಾಗದ ಮೇಲೆ ಆಯತ ಇಟ್ಟು, ಎರಡನ್ನೂ ಆರಿಸಿ, ಆಬ್ಜೆಕ್ಟ್ ಮೆನುವಿನಲ್ಲಿ ಕ್ಲಿಪ್ ಮಾಡಿ. ಆಯತದ ಒಳಗಿನ ಅರ್ಧ ಮಾತ್ರ ಉಳಿಯುತ್ತದೆ. ‘1 ಕೊಡ = 15 ಲೀಟರ್’ ಎಂಬ ಸೂಚಿ ಪೋಸ್ಟರಿನಲ್ಲೇ ಇರಬೇಕು.

ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಹಾಕಿ. ಬೋಲ್ಡ್ ರೂಪವೇ ಇಲ್ಲದ ಫಾಂಟಿಗೆ ಬೋಲ್ಡ್ ಒತ್ತಿದರೆ ಕೆಲವು ಸಾಫ್ಟ್‌ವೇರ್‌ಗಳು ಗೆರೆಯನ್ನೇ ಉಬ್ಬಿಸುತ್ತವೆ. ಧ ಅಕ್ಷರದ ಕೆಳಗಿನ ಸಣ್ಣ ಸೀಳು ಮುಚ್ಚಿ ದ ಆಗಿಬಿಡುತ್ತದೆ. ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು: 1.5 ಇಟ್ಟು ನೋಡಿ. ಇಲ್ಲವಾದರೆ ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗುತ್ತವೆ. ಕಿರಿದಾದ ಅಂಕಣದಲ್ಲಿ ಜಸ್ಟಿಫೈ (ಎರಡೂ ಅಂಚು ಸಮ ಮಾಡುವುದು) ಬೇಡವೇ ಬೇಡ. ನಮ್ಮ ಪದಗಳು ಉದ್ದ, ನಡುವೆ ಹೊಂಡ ಬೀಳುತ್ತದೆ.

ಪ್ರಶ್ನೆ: ಮಕ್ಕಳ ಬರಹವನ್ನು ‘ನುಡಿ’ ಸಾಫ್ಟ್‌ವೇರಿನಿಂದ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಮುದ್ರಣದ ಅಂಗಡಿಯ ಫೋಟೋಶಾಪಿನಲ್ಲಿ ಒತ್ತಕ್ಷರ ಒಡೆಯುತ್ತದೆ. ಎರಡೂ ಒಂದೇ ಕಾಯಿಲೆಯೇ?

ಉತ್ತರ: ಅಲ್ಲ. ಮೊದಲನೆಯದು ಹಳೆಯ ನುಡಿ ಫಾಂಟುಗಳ ಸಮಸ್ಯೆ. ಅವು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲ, ಇಂಗ್ಲಿಷಿನ ಸಂಕೇತಗಳಿಗೇ ಕನ್ನಡದ ಆಕಾರ ಕೂರಿಸಿದವು. ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿಯೇ ಪೇಸ್ಟ್ ಮಾಡಿ, ಮತ್ತೊಮ್ಮೆ ಓದಿ ನೋಡಿ. ಅರ್ಕಾವತ್ತು, ವಿರಾಮಚಿಹ್ನೆಗಳು ಆಗಾಗ ಕೆಡುತ್ತವೆ.

ಎರಡನೆಯದು ಸೆಟ್ಟಿಂಗಿನದು. ಫೋಟೋಶಾಪಿನ ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಹಳೆಯ ಆವೃತ್ತಿಯಾದರೆ ಟೈಪ್ ಪ್ರಿಫರೆನ್ಸಸ್‌ನಲ್ಲಿ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಎಂಜಿನ್ ಆರಿಸಿ, ಹೊಸ ಫೈಲ್ ತೆರೆಯಬೇಕು.

ಅಂಗಡಿಯವರ ಸೆಟ್ಟಿಂಗ್ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಇಂಕ್‌ಸ್ಕೇಪಿನಿಂದ ಪಿಡಿಎಫ್ ಮಾಡುವಾಗ ‘ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್’ ಆರಿಸಿ. ಅಕ್ಷರಗಳು ಚಿತ್ರವಾಗಿ ಹೋಗುತ್ತವೆ, ಒಡೆಯಲು ಏನೂ ಉಳಿಯದು. ತಿದ್ದುಪಡಿಗೆ ಮೂಲ ಎಸ್‌ವಿಜಿ ಫೈಲ್ ಜೋಪಾನ. ಪಿಎನ್‌ಜಿ ಚಿತ್ರವನ್ನೇ ಕೇಳಿದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಕೊಡಿ: ಎ3ಗೆ 3508 × 4961 ಪಿಕ್ಸೆಲ್. ಪರದೆಯ ಮೇಲೆ ಹೊಳೆಯುವ ನೀಲಿ ಕಾಗದದಲ್ಲಿ ಮಂಕಾಗುತ್ತದೆ, ಆದ್ದರಿಂದ ಮೊದಲು ಎ4ನಲ್ಲಿ ಒಂದು ಪ್ರತಿ ತೆಗೆಸಿ ನೋಡಿ.