ಓದುಗರ ಪ್ರಶ್ನೆಗೆ ಉತ್ತರ: ಹಳ್ಳ ಇಳಿದ ಮೇಲಿನ ಹೊಲ

ಪ್ರಶ್ನೆ: ನವಲಗುಂದ ತಾಲ್ಲೂಕಿನಲ್ಲಿ ಬೆಣ್ಣೆಹಳ್ಳದ ದಂಡೆಗೆ ನಮ್ಮ ನಾಲ್ಕು ಎಕರೆ ಎರೆ ಹೊಲವಿದೆ. ಕಟಾವಿಗೆ ಬಂದಿದ್ದ ಹೆಸರು ಮತ್ತು ಎಳೆಯ ಉಳ್ಳಾಗಡ್ಡಿ ಮೂರು ದಿನ ನೀರಿನಲ್ಲಿ ನಿಂತು ಕೊಳೆತವು. ಒಂದು ಎಕರೆಯಷ್ಟು ಜಾಗದಲ್ಲಿ ಗೇಣು ಎತ್ತರಕ್ಕೆ ಮರಳು ಬೆರೆತ ಹೂಳು ಬಿದ್ದಿದೆ. ಹಳ್ಳದ ಮಗ್ಗುಲಿನ ಅರ್ಧ ಎಕರೆ ಕೊಚ್ಚಿಕೊಂಡು ಹೋಗಿದೆ. ಟ್ರ್ಯಾಕ್ಟರ್ ಹಚ್ಚಿ ಹೂಳು ತೆಗೆಸಿ ಬೇಗನೆ ಹಿಂಗಾರಿ ಬಿತ್ತಬೇಕೆಂದಿದ್ದೇವೆ. ಪರಿಹಾರ ಎಷ್ಟು ಬರುತ್ತದೆ? ಮೊದಲು ಏನು ಮಾಡಬೇಕು?

ಉತ್ತರ: ಟ್ರ್ಯಾಕ್ಟರನ್ನು ಇನ್ನೂ ಕೆಲವು ದಿನ ಹೊಲಕ್ಕೆ ಇಳಿಸಬೇಡಿ. ಇದನ್ನು ಎರಡು ಕಾರಣಗಳಿಂದ ಹೇಳುತ್ತಿದ್ದೇನೆ. ಹಾನಿ ದಾಖಲಾಗುವ ಮೊದಲೇ ಹೊಲ ಸ್ವಚ್ಛಗೊಳಿಸಿದರೆ ಪರಿಶೀಲನೆಗೆ ಬಂದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಎರೆ ಮಣ್ಣಿನ ಗುಣ. ನೀರು ಕುಡಿದು ಉಬ್ಬಿರುವ ಎರೆ ನೆಲದ ಮೇಲೆ ಭಾರದ ಯಂತ್ರ ಓಡಾಡಿದರೆ ಮಣ್ಣಿನ ಒಳಗಿನ ಗಾಳಿಯ ಸಂದುಗಳು ಮುಚ್ಚಿ, ಕೆಳಗೆ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಬೇರು ಇಳಿಯದ, ನೀರು ಬಸಿಯದ ಆ ಪದರ ಈ ವರ್ಷದ ಪ್ರವಾಹಕ್ಕಿಂತ ಹೆಚ್ಚು ಕಾಲ ನಿಮ್ಮನ್ನು ಕಾಡುತ್ತದೆ. ನಿಂತ ನೀರನ್ನು ಸಲಿಕೆಯಿಂದ ಸಣ್ಣ ಕಾಲುವೆ ತೋಡಿ ಹೊರಗೆ ಬಿಡುವುದಷ್ಟೇ ಈಗಿನ ಕೆಲಸ. ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ಅದು ಮುದ್ದೆಯಾಗಿ ಕೈಗೆ ಅಂಟದೆ ಪುಡಿಯಾದರೆ ಹದ ಬಂದಿದೆ ಎಂದು ತಿಳಿಯಿರಿ.

ಕಾಯುವ ಈ ದಿನಗಳಲ್ಲಿ ಕಾಗದಪತ್ರದ ಕೆಲಸ ಮುಗಿಸಿಕೊಳ್ಳಿ. ಕೊಳೆತ ಬೆಳೆ, ಅಳತೆಗೋಲು ನಿಲ್ಲಿಸಿದ ಹೂಳು, ಕುಸಿದ ದಂಡೆ, ಇವುಗಳ ಚಿತ್ರಗಳನ್ನು ಸುತ್ತಲಿನ ಗುರುತುಗಳು ಕಾಣುವಂತೆ ತೆಗೆಯಿರಿ. ಸರ್ವೆ ನಂಬರ್ ನಮೂದಿಸಿ ಗ್ರಾಮ ಆಡಳಿತಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಸರು ಕೃಷಿ ಇಲಾಖೆಯ ವ್ಯಾಪ್ತಿಗೂ ಉಳ್ಳಾಗಡ್ಡಿ ತೋಟಗಾರಿಕೆ ಇಲಾಖೆಯ ವ್ಯಾಪ್ತಿಗೂ ಬರುವುದರಿಂದ ಎರಡೂ ಕಡೆ ತಿಳಿಸುವುದು ಕ್ಷೇಮ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ದಾಖಲಾಗಿದೆ ಎಂಬುದನ್ನೂ ನೋಡಿಕೊಳ್ಳಿ, ಏಕೆಂದರೆ ಅಲ್ಲಿ ಗೋವಿನಜೋಳವೆಂದಿದ್ದು ಅರ್ಜಿಯಲ್ಲಿ ಹೆಸರು ಎಂದಿದ್ದರೆ ತಕರಾರು ಏಳುತ್ತದೆ. ಪಹಣಿ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆಗೆ ಇಂದೇ ಅರ್ಜಿ ಹಾಕಿ. ಹಣ ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಜಮೆಯಾಗುವ ಈ ವ್ಯವಸ್ಥೆಯಲ್ಲಿ, ಹೊಲ ಉಳುವವರು ಒಬ್ಬರು, ಪಹಣಿಯಲ್ಲಿರುವವರು ಇನ್ನೊಬ್ಬರು ಎಂಬ ಒಂದೇ ಕಾರಣಕ್ಕೆ ನಿಜವಾಗಿ ನಷ್ಟ ಅನುಭವಿಸಿದವರು ಬರಿಗೈಯಲ್ಲಿ ಉಳಿಯುವುದು ನನಗೆ ಬಹಳ ನೋವಿನ ಸಂಗತಿ.

ಇನ್ನು ಮೊತ್ತದ ವಿಚಾರ. 2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ವಿಪತ್ತು ಪರಿಹಾರ ಮಾರ್ಗಸೂಚಿಯಂತೆ, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎಲ್ಲವೂ ಗರಿಷ್ಠ ಎರಡು ಹೆಕ್ಟೇರಿಗೆ. ನಾಲ್ಕು ಎಕರೆ ಎಂದರೆ ಸುಮಾರು 1.6 ಹೆಕ್ಟೇರ್, ಮಳೆಯಾಶ್ರಿತ ದರದಲ್ಲಿ 13,600 ರೂಪಾಯಿಯಾಗುತ್ತದೆ. ರಾಜ್ಯ ಸರ್ಕಾರ ಕೆಲವು ವರ್ಷಗಳಲ್ಲಿ ತನ್ನ ಪಾಲು ಸೇರಿಸಿ ಹೆಚ್ಚು ಕೊಟ್ಟದ್ದುಂಟು, ಆದ್ದರಿಂದ ಈ ಸಾಲಿನ ಆದೇಶವನ್ನು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಬೆಳೆಯ ಹಣವನ್ನು ಎಲ್ಲರೂ ಕೇಳುತ್ತಾರೆ. ನೆಲದ ಹಾನಿಗೂ ಪರಿಹಾರವಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಮೂರು ಅಂಗುಲಕ್ಕಿಂತ ದಪ್ಪ ಹೂಳು ಅಥವಾ ಮರಳು ಬಿದ್ದಿದ್ದರೆ ಅದನ್ನು ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ, ನದಿ ಅಥವಾ ಹಳ್ಳ ದಿಕ್ಕು ಬದಲಿಸಿ ಜಮೀನನ್ನೇ ಕಬಳಿಸಿದ್ದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ ಅದೇ ಮಾರ್ಗಸೂಚಿಯಲ್ಲಿದೆ. ನಿಮ್ಮ ಹೂಳಿಗೆ ಸುಮಾರು 7,200, ಕೊಚ್ಚಿಹೋದ ಅರ್ಧ ಎಕರೆಗೆ ಸುಮಾರು 9,400 ರೂಪಾಯಿ. ಈ ಹಣದಲ್ಲಿ ಯಂತ್ರದ ಬಾಡಿಗೆಯೂ ಹುಟ್ಟುವುದಿಲ್ಲ ಎಂಬುದು ನಿಜ, ಆದರೂ ಕೇಳದೆ ಬಿಡಬಾರದು. ಅರ್ಜಿಯಲ್ಲಿ ಈ ಮೂರು ಹಾನಿಗಳನ್ನೂ ಬೇರೆಬೇರೆಯಾಗಿ ಬರೆಯಿರಿ. ಜೊತೆಗೆ ಹದ್ದುಬಸ್ತಿಗೂ ಅರ್ಜಿ ಸಲ್ಲಿಸಿ, ಉಳಿದ ಜಮೀನಿನ ಗಡಿಯನ್ನು ಭೂಮಾಪಕರಿಂದ ಗುರುತಿಸಿಕೊಳ್ಳಿ.

ಫಸಲ್ ಬಿಮಾ ಕಂತು ಕಟ್ಟಿದ್ದರೆ ಅದು ಇದರಿಂದ ಪ್ರತ್ಯೇಕ. ನಿಮ್ಮ ಬೆಳೆಗೆ ಮುಳುಗಡೆಯ ರಕ್ಷಣೆ ಇದ್ದ ಪಕ್ಷದಲ್ಲಿ ಹಾನಿಯಾದ 72 ಗಂಟೆಗಳೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಿರಬೇಕು.

ಹಿಂಗಾರಿಯ ಬಗ್ಗೆ ಭರವಸೆ ಇಟ್ಟುಕೊಳ್ಳಲು ಕಾರಣವಿದೆ, ಏಕೆಂದರೆ ಎರೆ ನೆಲ ಕುಡಿದ ನೀರು ಮುಂದಿನ ಬೆಳೆಗೆ ತೇವವಾಗಿ ಉಳಿಯುತ್ತದೆ. ಅಂಗುಲ ಎರಡು ಅಂಗುಲದ ನುಣ್ಣನೆಯ ಹೂಳನ್ನು ತೆಗೆಯಬೇಕಿಲ್ಲ, ಹದ ಬಂದಾಗ ರೆಂಟೆ ಹೊಡೆದು ಮಣ್ಣಿಗೆ ಬೆರೆಸಬಹುದು. ಮರಳು ಗೇಣು ಇರುವ ಎಕರೆಯನ್ನು ಮಾತ್ರ ತೆಗೆಸಿ. ತೆಗೆದ ಮರಳನ್ನು ಮಾರುವುದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕಾಗುತ್ತದೆ. ಬಹುದಿನ ನೀರು ನಿಂತ ನೆಲದಲ್ಲಿ ಸಾರಜನಕ ನಷ್ಟವಾಗಿರುತ್ತದೆ. ಬೇರಿಗೆ ರಂಜಕ ಒದಗಿಸುವ ಮೈಕೊರೈಜಾ ಎಂಬ ಉಪಕಾರಿ ಶಿಲೀಂಧ್ರವೂ ಕುಗ್ಗಿರುತ್ತದೆ. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ, ರಂಜಕದ ಗೊಬ್ಬರವನ್ನು ಎರಚದೆ ಬೀಜದ ಸಾಲಿನ ಹತ್ತಿರವೇ ಕೊಡಿ. ನೆಲ ತಡವಾಗಿ ಹದಕ್ಕೆ ಬಂದರೆ ಬಿಳಿಜೋಳಕ್ಕಿಂತ ಕಡಲೆ ಒಳ್ಳೆಯ ಆಯ್ಕೆ. ಅದಕ್ಕೆ ಸೊರಗು ರೋಗದ ಭಯವಿರುವುದರಿಂದ ಟ್ರೈಕೋಡರ್ಮಾದಿಂದ ಬೀಜೋಪಚಾರ ತಪ್ಪಿಸಬೇಡಿ.

ಪ್ರಶ್ನೆ: ರೋಣ ತಾಲ್ಲೂಕಿನ ಹೊಳೆದಂಡೆಯ ಊರು ನಮ್ಮದು. ಮಣ್ಣಿನ ಮೇಲ್ಮುದ್ದೆಯ ಮನೆಗೆ ಸೊಂಟದ ಮಟ ನೀರು ಬಂದಿತ್ತು. ಈಗ ಇಳಿದಿದೆ, ಗೋಡೆ ನಿಂತಿದೆ. ಒಳಗೆ ಇರಬಹುದೇ?

ಉತ್ತರ: ಈಗಲೇ ಮಲಗಬೇಡಿ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳದೆ, ನೀರು ಇಳಿದ ಮೇಲೆ ಬಿಸಿಲು ಬಿದ್ದು ಒಣಗುವಾಗ ಕುಸಿಯುವುದುಂಟು. ಮೇಲ್ಮುದ್ದೆಯ ಮಣ್ಣು ಮಳೆಗೆ ನೆಂದು ಭಾರವಾಗಿರುವುದರಿಂದ ಅಪಾಯ ಇಮ್ಮಡಿಯಾಗುತ್ತದೆ. ಗೋಡೆಯ ಬುಡ ಕರಗಿದೆಯೇ, ಮೂಲೆಗಳಲ್ಲಿ ಬಿರುಕು ದಿನದಿನಕ್ಕೆ ಅಗಲವಾಗುತ್ತಿದೆಯೇ ನೋಡಿ, ಪಂಚಾಯಿತಿಯ ಮೂಲಕ ಎಂಜಿನಿಯರ್‌ರಿಂದ ಪರಿಶೀಲನೆ ಕೇಳಿ. ಕೇಂದ್ರದ ಅದೇ ಮಾರ್ಗಸೂಚಿಯಲ್ಲಿ ಪೂರ್ಣ ಅಥವಾ ತೀವ್ರ ಹಾನಿಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಶೇ 15ಕ್ಕೆ ಕಡಿಮೆಯಿಲ್ಲದ ಭಾಗಶಃ ಹಾನಿಗೆ ಕಚ್ಚಾ ಮನೆಯಾದರೆ 4,000 ರೂಪಾಯಿ. ಇವೆರಡರ ನಡುವಿನ ಅಂತರ ಇಷ್ಟು ದೊಡ್ಡದಾಗಿರುವಾಗ, ಮೊದಲ ಪರಿಶೀಲನೆಯ ಬಳಿಕ ಗೋಡೆ ಬಿದ್ದರೆ ಕೂಡಲೇ ಮರುಪರಿಶೀಲನೆಗೆ ಲಿಖಿತವಾಗಿ ಕೇಳಬೇಕು.

ಪ್ರಶ್ನೆ: ನಮ್ಮ ದಂಡೆಯ ಉದ್ದಕ್ಕೂ ಆಳೆತ್ತರ ಒಡ್ಡು ಹಾಕಿಸಿದರೆ ಹಳ್ಳದ ನೀರು ಹೊಲಕ್ಕೆ ನುಗ್ಗುವುದಿಲ್ಲ ಎನ್ನುತ್ತಾರೆ. ಎದುರು ದಂಡೆಯವರು ಬೇಡವೆನ್ನುತ್ತಿದ್ದಾರೆ. ಯಾರದು ಸರಿ?

ಉತ್ತರ: ಎದುರು ದಂಡೆಯವರದು ಸರಿ. ನಿಮ್ಮ ಒಡ್ಡು ತಡೆದ ನೀರು ಮಾಯವಾಗುವುದಿಲ್ಲ, ಅವರ ಹೊಲಕ್ಕೆ ಏರುತ್ತದೆ. ಅವರೂ ಒಡ್ಡು ಹಾಕಿದರೆ ಇಕ್ಕಟ್ಟಾದ ಹಳ್ಳ ಇನ್ನಷ್ಟು ರಭಸವಾಗಿ ಹರಿದು, ಕೆಳಗಿನ ಊರಿನವರ ದಂಡೆಯನ್ನು ಕಡಿಯುತ್ತದೆ.

ಬೆಣ್ಣೆಹಳ್ಳವು ಶಿಗ್ಗಾವಿಯ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ನೀರನ್ನು ಹೊತ್ತು, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ಮಲಪ್ರಭೆಗೆ ಸೇರುತ್ತದೆ. ಎರೆ ನೆಲ ಒಮ್ಮೆ ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ನೀರು ಹೆಚ್ಚು ಇಂಗದು, ಬಿದ್ದ ಮಳೆಯ ಬಹುಭಾಗ ಹಳ್ಳಕ್ಕೇ ಬರುತ್ತದೆ. ಅದೇ ಹೊತ್ತಿಗೆ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟು ಮಲಪ್ರಭೆ ತುಂಬಿದ್ದರೆ ಹಳ್ಳಕ್ಕೆ ಮುಂದೆ ಸಾಗಲು ದಾರಿಯಿಲ್ಲದೆ ಹಿಂದಕ್ಕೆ ಒತ್ತುತ್ತದೆ. 2009ರಲ್ಲಿಯೂ 2019ರಲ್ಲಿಯೂ ಈ ಸೀಮೆ ಪ್ರವಾಹದ ಸಂಕಟವನ್ನು ಅನುಭವಿಸಿದೆ. ಇಂಥ ನೀರನ್ನು ಒಂದು ಹೊಲದ ಒಡ್ಡು ಹೇಗೆ ತಡೆದೀತು?

ಆಗಬೇಕಾದ ಕೆಲಸ ಮೇಲಿನ ಹೊಲಗಳಿಂದ ಶುರುವಾಗಬೇಕು. ಇಳಿಜಾರಿಗೆ ಅಡ್ಡವಾಗಿ ಹಾಕಿದ್ದ ಹಳೆಯ ಒಡ್ಡುಗಳನ್ನು ಟ್ರ್ಯಾಕ್ಟರ್ ತಿರುಗಿಸಲು ಅನುಕೂಲವಾಗಲೆಂದು ಕೆಡವಿದ ಕಡೆ ಮತ್ತೆ ಕಟ್ಟಿ, ಹೆಚ್ಚಾದ ನೀರು ಮಣ್ಣನ್ನು ಕೊರೆಯದೆ ಇಳಿಯುವಂತೆ ಕಲ್ಲಿನ ಕೋಡಿ ಮಾಡಬೇಕು. ಕೃಷಿ ಹೊಂಡಗಳು ಬೇಕು. ಕೆಳಗೆ ಹಳ್ಳದ ಪಾತ್ರದಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ತೆಗೆದು, ಒತ್ತುವರಿಯಾದ ಜಾಗವನ್ನು ಅಳತೆ ಮಾಡಿಸಿ ಬಿಡಿಸಬೇಕು. ಉದ್ಯೋಗ ಖಾತ್ರಿಯಲ್ಲಿ ಬದು ನಿರ್ಮಾಣಕ್ಕೂ ಹೊಂಡಕ್ಕೂ ಅವಕಾಶ ಇದ್ದುದರಿಂದ, ಈಗಿನ ನಿಯಮವನ್ನು ಪಂಚಾಯಿತಿಯಲ್ಲಿ ಕೇಳಿಕೊಂಡು ಮುಂದಿನ ಗ್ರಾಮಸಭೆಯಲ್ಲಿ ಎರಡೂ ದಂಡೆಯವರು ಕೂಡಿಯೇ ಬೇಡಿಕೆ ಇಡಿ. ಒಡ್ಡಿಗೆಂದು ತೆಗೆದಿಟ್ಟ ಹಣದಲ್ಲಿ ಈ ವರ್ಷ ದಂಡೆಯ ಅಂಚಿಗೆ ಲಾವಂಚವನ್ನೂ, ಅದರ ಹಿಂದೆ ಬಿದಿರು ಮತ್ತು ಹೊಂಗೆಯನ್ನೂ ಹಚ್ಚಿರಿ.